ಎಂಟು ದೀಪದ ಸಾವ್ಕಾರ್ರು

ಸಕಲೇಶಪುರ, ಆಲೂರು ಸೀಮೆಯಲ್ಲಿ ರಾತ್ರಿ ಹೊತ್ತು ಎದುರಾದವರು ಯಾರೆಂದು ತಿಳಿಯಬೇಕಾದರೆ ಅವರ ಗಾಡಿಯ ದೀಪ ಎಣಿಸಬೇಕು. ಎರಡೇ ಇದ್ದರೆ ಮೇಷ್ಟ್ರು, ಸರ್ಕಾರಿ ನೌಕರರು, ಇಲ್ಲವೇ ಗಾಡಿಯ ಸಾಲದ ಕಂತು ಕಟ್ಟುತ್ತಿರುವವರು. ನಾಲ್ಕಿದ್ದರೆ ಹೋಂಸ್ಟೇ ನಡೆಸುವವರು. ಎಂಟು ಕಂಡರೆ ಲೆಕ್ಕ ಮುಗಿಯಿತು, ಅವರೇ ನಮ್ಮ ಎಂಟು ದೀಪದ ಸಾವ್ಕಾರ್ರು. ಕಂಪನಿಯವರು ಕೊಟ್ಟದ್ದು ಎರಡು, ಬಂಪರಿನ ಕೆಳಗೆ ಎರಡು, ಬಂಪರಿನ ಮೇಲೆ ಎರಡು, ಮುಂಗಾಜಿನ ಎರಡು ಮೂಲೆಗೆ ಒಂದೊಂದು. ನೆತ್ತಿಯ ಮೇಲೆ ಉದ್ದಕ್ಕೆ ಕೂರಿಸಿದ ಎಲ್‌ಇಡಿ ಪಟ್ಟಿಯನ್ನು ಅವರು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ದೀಪವಲ್ಲ, ‘ಬಾರು’. ಹಾನುಬಾಳು, ಹೆತ್ತೂರು, ಯಸಳೂರು, ಬೆಳಗೋಡು, ಅತ್ತ ಆಲೂರಿನ ಪಾಳ್ಯ, ಕೆ. ಹೊಸಕೋಟೆ, ಯಾವ ಹೋಬಳಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಮನೆತನ ಬೇರೆ, ಜೀಪಿನ ಬಣ್ಣ ಬೇರೆ. ದೀಪ ಹಾಕುವ ವರಸೆ ಮಾತ್ರ ಒಂದೇ. ಇವರ ವಿಷಯದಲ್ಲಿ ಹೇಳಬೇಕಾದದ್ದೂ ಒಂದೇ. ಕಾಣಲಿ ಎಂದು ಇವರು ಬಿಡುವ ಬೆಳಕಿನಿಂದ ಎದುರಿನವರಿಗೂ ಕಾಣುವುದಿಲ್ಲ, ಇವರಿಗೂ ಕಾಣುವುದಿಲ್ಲ. ಮೊದಲರ್ಧವನ್ನು ಊರೆಲ್ಲ ಒಪ್ಪುತ್ತದೆ. ಎರಡನೆಯ ಅರ್ಧವನ್ನು ಸಾವ್ಕಾರ್ರು ಒಪ್ಪುವುದಿಲ್ಲ. ಆದ್ದರಿಂದ ಅದನ್ನು ಸಾಧಿಸಿ ತೋರಿಸಬೇಕಾಗಿದೆ.

ಹಾಗೆಂದು ಅವರ ದೀಪಗಳೆಲ್ಲ ಬರೀ ಶೋಕಿ ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜೂನ್ ಹಿಡಿದರೆ ಅರಬ್ಬಿ ಸಮುದ್ರದ ನೀರುಗಾಳಿ ಗುಂಡ್ಯದ ಕಡೆಯಿಂದ ಘಟ್ಟ ಹತ್ತುತ್ತ ಹತ್ತುತ್ತ ತಣ್ಣಗಾಗಿ ಮೋಡವಾಗುತ್ತದೆ. ಬಯಲುಸೀಮೆಯವರು ತಲೆಯೆತ್ತಿ ನೋಡುವ ಆ ಮೋಡ ಮಾರನಹಳ್ಳಿ, ದೋಣಿಗಾಲ್ ಹತ್ತಿರ ರಸ್ತೆಯ ಮೇಲೆಯೇ ಬಂದು ಕೂರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬರುವುದು ಬೇರೆ ಜಾತಿಯ ಮಂಜು. ರಾತ್ರಿಯೆಲ್ಲ ನೆಲ ತಣ್ಣಗಾಗಿ ಹೇಮಾವತಿಯ ದಂಡೆಯಿಂದ, ಆಲೂರು ಕಡೆಯ ಗದ್ದೆಬಯಲಿನಿಂದ ಅದು ಮೇಲೇಳುತ್ತದೆ. ಬಿಸಿಲು ಬಲಿತ ಮೇಲೇ ಕರಗುತ್ತದೆ. ಕಾಫಿ ಕೊಯ್ಲಿನ ಕಾಲವೂ ಅದೇ ಆದ್ದರಿಂದ ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು ಆ ಹೊತ್ತಿನಲ್ಲೇ ತೋಟದ ಕಡೆ ಓಡುತ್ತಿರುತ್ತವೆ. ಹಿಂದೆ 48 ಎಂದು ಕರೆಸಿಕೊಳ್ಳುತ್ತಿದ್ದ, ಈಗ 75 ಆಗಿರುವ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಟ್ಯಾಂಕರು, ಮೀನಿನ ಲಾರಿ, ಧರ್ಮಸ್ಥಳ–ಸುಬ್ರಹ್ಮಣ್ಯಕ್ಕೆ ಹೊರಟ ಬಸ್ಸು, ವಾರಾಂತ್ಯದ ಬೆಂಗಳೂರು ಕಾರು ಎಲ್ಲವೂ ಅದೇ ಮಂಜಿನೊಳಗೆ ತಡಕಾಡಬೇಕು. 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಶಿರಾಡಿ ಘಾಟಿ ಮುಚ್ಚಿ ಕಾಂಕ್ರೀಟ್ ಹಾಕಿದರು. ಹೊಂಡ ಹೋಯಿತು, ಹೊಂಡದ ಭಯಕ್ಕೆ ನಿಧಾನವಾಗಿ ಹೋಗುತ್ತಿದ್ದವರ ನಿಧಾನವೂ ಹೋಯಿತು. ಇಂಥ ಕಡೆ ಒಳ್ಳೆಯ ದೀಪ ಬೇಕೆನ್ನುವುದರಲ್ಲಿ ತಕರಾರಿಲ್ಲ. ಎಂಥ ದೀಪ, ಎಲ್ಲಿ, ಯಾವಾಗ ಎನ್ನುವುದರಲ್ಲೇ ತಕರಾರು ಇರುವುದು.

ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿ. ಒಂದೊಂದು ಹನಿಯೂ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸಿನ ಗಾತ್ರದ್ದು. ಬೆಳಕು ಬಿದ್ದರೆ ಪ್ರತಿ ಹನಿಯೂ ಅದನ್ನು ಸುತ್ತಮುತ್ತ ಚೆಲ್ಲುತ್ತದೆ, ಒಂದಷ್ಟನ್ನು ಬಂದ ದಾರಿಗೇ ಹಿಂತಿರುಗಿಸುತ್ತದೆ. ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆಗೆ ಟಾರ್ಚ್ ಹಿಡಿದರೆ ಪಂಚೆ ಚೆನ್ನಾಗಿ ಕಾಣುತ್ತದೆ, ಅಂಗಳ ಕಾಣುವುದಿಲ್ಲ. ಟಾರ್ಚ್ ದೊಡ್ಡದಾದಷ್ಟೂ ಪಂಚೆಯೇ ಹೆಚ್ಚು ಬೆಳ್ಳಗಾಗುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಆಗುವುದೂ ಅಷ್ಟೇ. ಇದನ್ನು ತಿಳಿದೇ ನಿಜವಾದ ಫಾಗ್ ಲ್ಯಾಂಪ್ ಮಾಡಿರುತ್ತಾರೆ. ಅದರ ಬೆಳಕು ಅಗಲಕ್ಕೆ ಹರಡುತ್ತದೆ, ಮೇಲಕ್ಕೆ ಏಳುವುದಿಲ್ಲ. ಅದನ್ನು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ ಕೂರಿಸುವುದರಿಂದ ಬೆಳಕು ಡ್ರೈವರನ ನೋಟಕ್ಕೆ ಅಡ್ಡ ಬರದೆ ಕೆಳಗೇ ಸರಿದು ರಸ್ತೆಯ ಎರಡೂ ಅಂಚನ್ನು ತೋರಿಸುತ್ತದೆ. ಅದು ದೂರ ತೋರಿಸುವ ದೀಪವೇ ಅಲ್ಲ. ಚರಂಡಿ ಎಲ್ಲಿದೆ, ಬಿಳಿ ಗೆರೆ ಎಲ್ಲಿದೆ ಎಂದು ತೋರಿಸಿ, ಮೆಲ್ಲಗೆ ಹೋಗು ಎನ್ನುವ ದೀಪ. ಈಗ ಸಾವ್ಕಾರ್ರ ನೆತ್ತಿಯ ಬಾರನ್ನು ನೋಡಿ. ಅದು ಇರುವುದು ಅವರ ಕಣ್ಣಿಗೂ ಮೇಲೆ, ಕಣ್ಣಿಗೆ ಹತ್ತಿರ. ಅದರ ಬೆಳಕು ಅವರ ನೋಟದ ದಾರಿಯಲ್ಲೇ ಸಾಗಿ, ಹನಿಗಳಿಗೆ ತಾಗಿ, ನೇರ ಅವರ ಕಣ್ಣಿಗೇ ಮರಳುತ್ತದೆ. ಮಂಜಿನಲ್ಲಿ ದೀಪ ಇಡಬಾರದ ಜಾಗ ಯಾವುದೆಂದು ಹುಡುಕಿ ಹುಡುಕಿ ಇಟ್ಟಿದ್ದರೂ ಇದಕ್ಕಿಂತ ಸರಿಯಾದ ಜಾಗ ಸಿಗುತ್ತಿರಲಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಮ್ಮ ಮುಂದೆ ತಾವೇ ಬಿಳಿ ಗೋಡೆ ಕಟ್ಟಿಸಿಕೊಂಡು, ದಾರಿ ಕಾಣುತ್ತಿಲ್ಲವಲ್ಲ ಎಂದು ಇನ್ನೊಂದು ದೀಪ ಹಾಕಿಸುವವರು ಅವರು.

ಆ ಇನ್ನೊಂದು ದೀಪ ಹುಟ್ಟುವುದು ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯ ಬದಿಯ ಆಟೋ ಎಲೆಕ್ಟ್ರಿಷಿಯನ್ನನ ಅಂಗಡಿಯಲ್ಲಿ. “ಎಷ್ಟು ವ್ಯಾಟಿಂದು ಹಾಕ್ಲಿ ಸಾವ್ಕಾರ್ರೇ?” ಎಂದು ಆತ ಕೇಳಿದರೆ, “ಬ್ಯಾಟ್ರಿ ಎಷ್ಟು ತಡೀತದೆ?” ಎಂದು ಇವರು ಕೇಳುತ್ತಾರೆ. ಮಾತುಕತೆ ಅಲ್ಲಿಗೆ ಮುಗಿಯುತ್ತದೆ. ಯಾವ ಎತ್ತರ, ಎಷ್ಟು ಬಗ್ಗಿಸಬೇಕು ಎಂಬ ಪ್ರಶ್ನೆ ಇಬ್ಬರಿಗೂ ಏಳುವುದಿಲ್ಲ. ಕಂಪನಿಯ ಹ್ಯಾಲೊಜೆನ್ ಬಲ್ಬು ಲೋ ಬೀಮಿಗೆ 55, ಹೈಬೀಮಿಗೆ 60 ವ್ಯಾಟಿನದು. ಅದನ್ನು ಕಿತ್ತು ಅದೇ ಬುರುಡೆಗೆ ನೀಲಿಬಿಳಿ ಎಲ್‌ಇಡಿ ತುರುಕುತ್ತಾರೆ. ಬುರುಡೆಯೊಳಗಿನ ಕನ್ನಡಿಯ ಬಾಗನ್ನು ಲೆಕ್ಕ ಹಾಕಿ ಮಾಡಿರುವುದು ಹ್ಯಾಲೊಜೆನ್ ತಂತಿ ಇರುವ ಜಾಗಕ್ಕೆ. ಬೆಳಕಿನ ಮೂಲ ಕೂದಲೆಳೆಯಷ್ಟು ಆಚೀಚೆಯಾದರೂ ರಸ್ತೆಗೆ ಬೀಳಬೇಕಾದದ್ದು ಮರದ ತುದಿಗೂ ಎದುರಿನವರ ಮುಖಕ್ಕೂ ಹಂಚಿಹೋಗುತ್ತದೆ. ಉಳಿದ ಲಕ್ಷಣಗಳನ್ನು ಹೀಗೇ ಹೇಳಿಬಿಡಬಹುದು. ಬಾನೆಟ್ಟಿನ ಪಕ್ಕ ಆನೆಯ ಸೊಂಡಿಲಿನಷ್ಟೆತ್ತರದ ಗಾಳಿಕೊಳವೆ, ಆದರೆ ಜೀಪು ದಾಟುವ ಅತಿ ಆಳದ ನೀರು ಸಂತೆ ಬೀದಿಯದು. ಮುಂದೆ ವಿಂಚ್, ಹಿಂದೆ ಹಗ್ಗ, ಸೀಟಿನಡಿ ಗಂಬೂಟು, ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಸ್ವಿಚ್ಚು. ಆ ಸ್ವಿಚ್ಚುಗಳನ್ನು ಅವರು ಸಂಜೆ ಆರಕ್ಕೆ ಎಡದಿಂದ ಬಲಕ್ಕೆ ಒಂದೊಂದಾಗಿ ಒತ್ತುತ್ತಾರೆ. ಮನೆಯ ಅಂಗಳದಲ್ಲಿ ಬಲದಿಂದ ಎಡಕ್ಕೆ ಒಂದೊಂದಾಗಿ ಆರಿಸುತ್ತಾರೆ. ನಡುವೆ ಅವುಗಳ ತಂಟೆಗೆ ಹೋಗುವುದಿಲ್ಲ. ಇಷ್ಟೆಲ್ಲ ವಿವರ ಹೇಗೆ ಗೊತ್ತಾಯಿತು ಎಂದು ಓದುಗರು ಕೆದಕಬಾರದು. ಇಂಥ ಲೇಖನ ಬರೆಯುವವರ ಗಾಡಿಗೆ ಸಾಮಾನ್ಯವಾಗಿ ಎರಡೇ ದೀಪ, ಅದರಲ್ಲೊಂದು ಆಗಾಗ ಮುಷ್ಕರ ಹೂಡುವಂಥದ್ದು. ಆದಕಾರಣ ಇಲ್ಲಿನ ಮಾತಿನಲ್ಲಿ ನಾಲ್ಕಾಣೆ ಪಾಲು ಹೊಟ್ಟೆಕಿಚ್ಚೆಂದು ಕಳೆದುಕೊಂಡು ಓದಿದರೂ ಬೇಸರವಿಲ್ಲ. ಉಳಿದ ಹನ್ನೆರಡಾಣೆಯೂ ವಾದಕ್ಕೆ ಸಾಕು.

ಒಬ್ಬ ಎಂಟು ದೀಪದವರು ಎದುರಾದರೆ ಆಗುವುದು ಕಷ್ಟ. ಇಬ್ಬರು ಎಂಟು ದೀಪದವರು ಪರಸ್ಪರ ಎದುರಾದರೆ ಆಗುವುದು ಪ್ರಸಂಗ. ಜಾಗ ದೋಣಿಗಾಲ್ ಕೆಳಗಿನ ಯಾವುದೋ ತಿರುವು ಎಂದಿಟ್ಟುಕೊಳ್ಳಿ. ಕಾಲ ಆಷಾಢದ ರಾತ್ರಿ. ಮೇಲಿನಿಂದ ಒಬ್ಬರು ಇಳಿಯುತ್ತಾರೆ, ಕೆಳಗಿನಿಂದ ಒಬ್ಬರು ಹತ್ತುತ್ತಾರೆ. ಡಿಪ್ ಮಾಡಿ ಎಂಬ ಅರ್ಥದಲ್ಲಿ ಇವರೊಮ್ಮೆ ಲೈಟು ಹೊಡೆಯುತ್ತಾರೆ. ಅವರು ಅದನ್ನು ಸವಾಲೆಂದು ತಿಳಿದು ಎರಡು ಸಲ ಹೊಡೆಯುತ್ತಾರೆ. ಇವರು ಬಾರು ಹಾಕುತ್ತಾರೆ. ಅವರೂ ಹಾಕುತ್ತಾರೆ. ಮಂಜೆಲ್ಲ ಸುಣ್ಣದ ಬಿಳುಪಿಗೆ ತಿರುಗಿ ಇಬ್ಬರಿಗೂ ಏನೂ ಕಾಣದಾಗಿ, ಹತ್ತು ಮಾರು ದೂರದಲ್ಲಿ ಎಂಜಿನ್ ಆರಿಸದೆ ನಿಂತುಬಿಡುತ್ತಾರೆ. ಇವರ ಹಿಂದೆ ಕೆಎಸ್ಆರ್‌ಟಿಸಿಯ ಕೆಂಪು ಬಸ್ಸು, ಅವರ ಹಿಂದೆ ಐಸು ಕರಗುವ ಹೊತ್ತು ಲೆಕ್ಕ ಹಾಕುತ್ತಿರುವ ಮೀನಿನ ಲಾರಿ. ಕೊನೆಗೆ ಬಸ್ಸಿನ ಕಂಡಕ್ಟರ್ ಇಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು, ಮಡ್‌ಗಾರ್ಡ್ ಸವರಿಕೊಂಡು ಮೊದಲನೆಯವರ ಬಾಗಿಲಿಗೆ ಬರುತ್ತಾರೆ. “ಸಾರ್, ಒಂಚೂರು ಡಿಪ್ ಮಾಡಿ.” “ಅವ್ರಿಗೆ ಹೇಳ್ರೀ ಮೊದ್ಲು.” ಕಂಡಕ್ಟರ್ ಎರಡನೆಯವರ ಹತ್ತಿರ ಹೋಗುತ್ತಾರೆ. “ನಂದು ಡಿಪ್ಪಲ್ಲೇ ಐತಲ್ಲ ಕಣ್ರೀ!” ಅದು ಸುಳ್ಳಲ್ಲ. ಡಿಪ್ ಸ್ವಿಚ್ಚಿಗೆ ಕಂಪನಿಯ ಎರಡು ದೀಪ ಮಾತ್ರ ಬಗ್ಗುತ್ತವೆ. ಉಳಿದ ಆರಕ್ಕೂ ಬಾರಿಗೂ ಬೇರೆ ವೈರಿಂಗು, ಅವಕ್ಕೆ ಬಗ್ಗುವುದೆಂದರೇನೆಂದು ಯಾರೂ ಹೇಳಿಕೊಟ್ಟಿಲ್ಲ. ದನಿ ಕೇಳಿ ಇತ್ತಲವರು ತಲೆ ಹೊರಹಾಕುತ್ತಾರೆ. “ಯಾರು, ಭಾವನಾ?” “ಅಯ್ಯೋ, ನೀವಾ ಭಾವ! ಮೊದ್ಲೇ ಹೇಳ್ಬಾರ್ದಾ!” ಕ್ಷಣದಲ್ಲಿ ಹದಿನಾರು ದೀಪ, ಎರಡು ಬಾರು ಒಟ್ಟಿಗೆ ಆರುತ್ತವೆ. ಇಬ್ಬರೂ ಇಳಿಯುತ್ತಾರೆ. ನಿಮ್ಮಲ್ಲಿ ಎಷ್ಟು ಇಂಚು ಬಂತು, ನಮ್ಮಲ್ಲಿ ಎಷ್ಟು ಬಂತು, ಕೊಳೆ ರೋಗ ಹೇಗಿದೆ, ರೋಬಸ್ಟಾ ರೇಟು ನಿಲ್ಲುತ್ತದೋ ಇಲ್ಲವೋ ಎಂದು ನಡುರಸ್ತೆಯಲ್ಲಿ ವಿಚಾರಸಂಕಿರಣ ನಡೆಯುತ್ತದೆ. ಬಸ್ಸಿನವರು, ಲಾರಿಯವರು ಅದರ ಸಭಿಕರು. ಇದು ಎಂದು ನಡೆಯಿತು ಎಂದು ಕೇಳಬೇಡಿ. ಪದೇ ಪದೇ ನಡೆಯುವುದಕ್ಕೆ ತಾರೀಖು ಇರುವುದಿಲ್ಲ. ಆದರೆ ಇದರಲ್ಲೊಂದು ಸಾಕ್ಷ್ಯವಿದೆ, ಗಮನಿಸಿ. ಎದುರಿನವರು ಯಾರೆಂದು ತಿಳಿದ ಕೂಡಲೇ ದೀಪ ಆರಿತು. ಇದನ್ನು ಹಾಗೇ ಇಟ್ಟುಕೊಂಡಿರೋಣ, ಮುಂದೆ ಬೇಕಾಗುತ್ತದೆ.

ಸಾವ್ಕಾರ್ರ ಮೊದಲ ಆಕ್ಷೇಪವೇ ಅವರ ದೊಡ್ಡ ಆಕ್ಷೇಪ. “ಆನೆ ಅಡ್ಡ ಬಂದ್ರೆ ನೀವು ಬರ್ತೀರಾ?” ಇದಕ್ಕೆ ನಕ್ಕು ಸುಮ್ಮನಾಗುವ ಹಾಗಿಲ್ಲ. ಈ ಎರಡು ತಾಲ್ಲೂಕುಗಳಲ್ಲಿ ಕಾಡಾನೆಯೆಂದರೆ ಕಥೆಯಲ್ಲ. ತೋಟಕ್ಕೆ ಹೋದವರು ಮನೆಗೆ ಮರಳದ ದಿನಗಳನ್ನು ಇಲ್ಲಿಯವರು ಕಂಡಿದ್ದಾರೆ. ದಸರಾ ಅಂಬಾರಿ ಹೊತ್ತ ಅರ್ಜುನನಂಥ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಪ್ರಾಣ ಬಿಟ್ಟ ಸೀಮೆ ಇದು. ಆದ್ದರಿಂದ ನಿರ್ಜನವಾದ ತೋಟದ ದಾರಿಯಲ್ಲಿ, ಮಂಜಿಲ್ಲದ ರಾತ್ರಿ, ಬಾರು ಹಾಕಿಕೊಂಡು ಹೋಗುವವರನ್ನು ಯಾರೂ ದೂರುವುದಿಲ್ಲ. ಆದರೆ ಮಂಜಿದ್ದಾಗ ಬಾರು ಆನೆಯನ್ನು ತೋರಿಸುವುದಿಲ್ಲ, ಮಂಜನ್ನೇ ತೋರಿಸುತ್ತದೆ. ಅಲ್ಲಿ ಆನೆಯಿಂದ ಉಳಿಸುವುದು ನಿಧಾನವೊಂದೇ. ಆನೆ ಕಂಡ ಮೇಲೂ ಬಾರಿನಿಂದ ಪ್ರಯೋಜನವಿಲ್ಲ. ಹಾರನ್ ಹೊಡೆಯಬೇಡಿ, ಮುಖಕ್ಕೆ ಲೈಟು ಹೊಡೆದು ಕೆಣಕಬೇಡಿ, ದೂರ ನಿಂತು ದಾರಿ ಬಿಡಿ ಎಂಬುದು ಆನೆ ಸೀಮೆಗಳಲ್ಲೆಲ್ಲ ಹೇಳುವ ಮಾತು. ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಬರುವ ಸಂದೇಶ ಎಂಟು ದೀಪಕ್ಕಿಂತ ದೂರ ನೋಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ತಕರಾರು ಇರುವುದು ಎದುರಿನಿಂದ ಗಾಡಿ ಬಂದ ಹೊತ್ತಿನ ಬಗ್ಗೆ. ಎರಡು ದೀಪ ಹೊತ್ತಿಸಿಕೊಂಡು ರಸ್ತೆಯ ಎಡಬದಿಯಲ್ಲಿ ಶಿಸ್ತಾಗಿ ಬರುವ ಆನೆ ಇನ್ನೂ ಹುಟ್ಟಿಲ್ಲ. ದೂರದಲ್ಲಿ ಜೋಡಿ ದೀಪ ಕಂಡಿತೆಂದರೆ ಅದು ಮನುಷ್ಯರೇ ಎಂದು ನಂಬಿ ಬಾರು ಆರಿಸಬಹುದು.

ಎರಡನೆಯ ಆಕ್ಷೇಪ ನಾಡಿನ ಎಲ್ಲ ಡ್ರೈವರುಗಳದೂ ಹೌದು: “ಎದುರಿನೋನು ಡಿಪ್ ಮಾಡಲ್ಲ, ನಾನ್ಯಾಕೆ ಮಾಡ್ಲಿ?” ನ್ಯಾಯವಾಗಿ ಕೇಳಿಸುವ ಈ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕಣ್ಣಿಗೆ ಬಲವಾದ ಬೆಳಕು ಹೊಡೆದ ಮೇಲೆ ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಒಂದೆರಡು ಸೆಕೆಂಡಾದರೂ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ಮೂರು ಸೆಕೆಂಡು ಎಂದಿಟ್ಟುಕೊಂಡರೆ 33 ಮೀಟರ್ ದೂರ ಒಬ್ಬ ಮನುಷ್ಯ ಕುರುಡಾಗಿ ಗಾಡಿ ಓಡಿಸುತ್ತಾನೆ. ಶಿರಾಡಿಯಲ್ಲಾಗಲಿ, ಬಿಸಿಲೆ ಘಾಟಿಯಲ್ಲಾಗಲಿ 33 ಮೀಟರಿನಲ್ಲಿ ಒಂದು ತಿರುವೇ ಮುಗಿದುಹೋಗುತ್ತದೆ. ಆ ಕುರುಡ ಎಲ್ಲೋ ದೂರದಲ್ಲಿಲ್ಲ, ನಿಮ್ಮ ಕಡೆಗೇ ಬರುತ್ತಿದ್ದಾನೆ. ಅವನು ನಿಮ್ಮ ಕಣ್ಣು ಕಟ್ಟಿದ, ನೀವು ಅವನ ಕಣ್ಣು ಕಟ್ಟಿದಿರಿ. ಸಮಾಧಾನವೇನೋ ಆಯಿತು, ಆದರೆ ರಸ್ತೆಯಲ್ಲಿ ಒಬ್ಬ ಕುರುಡನಿದ್ದ ಕಡೆ ಈಗ ಇಬ್ಬರಾದರು. ಘಟ್ಟದಲ್ಲಿ ಏರು ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬ ಕಟ್ಟಳೆ ಇದೆ. ಅದನ್ನು ಪಾಲಿಸಬೇಕಾದರೂ ಏರುತ್ತಿರುವವರು ಇದ್ದಾರೆಂದು ಕಾಣಬೇಕಲ್ಲ! ಡಿಪ್ ಮಾಡುವುದು ಎದುರಿನವರಿಗೆ ತೋರುವ ಉಪಕಾರವೆಂದು ಸಾವ್ಕಾರ್ರು ತಿಳಿದಿದ್ದಾರೆ. ಅದು ಮೊದಲಿಗೆ ತಮ್ಮ ಮೈಮೇಲೆ ಬರುತ್ತಿರುವ ಗಾಡಿಗೆ ಕಣ್ಣು ಕೊಡುವ ಕೆಲಸ.

“ಅದಕ್ಕೇ ಹಳದಿ ಹಾಕ್ಸಿದೀನಲ್ಲ” ಎಂಬುದು ಮೂರನೆಯ ವಾದ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ಬಹಳ ಹಳೆಯದು. ಫ್ರಾನ್ಸ್ ದೇಶ 1936ರಲ್ಲಿ ಕಾನೂನು ಮಾಡಿ 1993ರವರೆಗೂ ತನ್ನ ಕಾರುಗಳಿಗೆ ಹಳದಿ ಹೆಡ್‌ಲೈಟನ್ನೇ ಕಡ್ಡಾಯ ಮಾಡಿತ್ತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಿಪ್ಪತ್ತು ಪಟ್ಟು ದೊಡ್ಡದಾದ್ದರಿಂದ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆಲ್ಲುತ್ತದೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ. ನೀಲಿ ಪಾಲು ಕಡಿಮೆಯಾಗುವುದರಿಂದ ಹಳದಿ ಕಣ್ಣಿಗೆ ಕೊಂಚ ಹಿತ, ಅಷ್ಟೇ. ಬಣ್ಣ ಹಳದಿಯಾದ ಮಾತ್ರಕ್ಕೆ ನೆತ್ತಿಯ ಮೇಲಿನ ದೀಪ ನೆಲಕ್ಕೆ ಇಳಿಯುವುದಿಲ್ಲ. ಕಣ್ಣು ಕುಕ್ಕುವ ವಿಷಯದಲ್ಲಿ ಕಾನೂನು ಕೇಳುವುದೂ ಬಣ್ಣವನ್ನಲ್ಲ, ಬಾಗನ್ನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದ ಪ್ರಕಾರ ಮುಂದಿನ ಯಾವ ದೀಪವೇ ಆದರೂ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು. ಹಾಗೆ ಕೆಳಕ್ಕೆ ಬಾಗಿರಬೇಕು, ಇಲ್ಲವೇ ಡ್ರೈವರು ಬಗ್ಗಿಸುವಂತಿರಬೇಕು. 111ನೆಯ ನಿಯಮ, ನೋಂದಣಿ ಅಧಿಕಾರಿಯ ವಿಶೇಷ ಒಪ್ಪಿಗೆಯಿಲ್ಲದೆ ಮುಂಭಾಗಕ್ಕೆ ಸ್ಪಾಟ್ ಲೈಟನ್ನೇ ಹಾಕಬಾರದೆನ್ನುತ್ತದೆ. 2024ರ ಜುಲೈ 1ರಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆ ಹೂಡಿ, ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನಡಿ ಕೇಸು ಹಾಕಿದರು. ಮೊದಲ ಸಲಕ್ಕೆ ದಂಡ 500 ರೂಪಾಯಿ. ಸಾವ್ಕಾರ್ರು ಅದನ್ನು ಬಾರಿನ ಬೆಲೆಗೇ ಸೇರಿಸಿಕೊಂಡರು. “ಲಾರಿಯೋರನ್ನ ಹಿಡೀರಿ ಮೊದ್ಲು” ಎಂದದ್ದೂ ಉಂಟು. ಲಾರಿಯವರನ್ನು ಹಿಡಿಯಬೇಕಾದದ್ದು ನಿಜ. ಆ ಕಾರ್ಯಾಚರಣೆಯ ಕಣ್ಣು ಬಿದ್ದದ್ದೂ ಹೆಚ್ಚಾಗಿ ದೊಡ್ಡ ಗಾಡಿಗಳ ಮೇಲೇ. ಆದರೆ ಲಾರಿಯ ತಪ್ಪು ಜೀಪಿನ ಪರ್ಮಿಟ್ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಹಿಂದಿನ ದೀಪವನ್ನೂ ಉಳಿದವರನ್ನೂ ಬಿಡಬಾರದು. ಮುಂದೆ ಎಂಟು ದೀಪ ಉರಿಸುವವರ ಹಿಂದಿನ ಕೆಂಪು ದೀಪ ಎಷ್ಟೋ ಸಲ ಒಡೆದಿರುತ್ತದೆ; ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಮಂಜಿನಲ್ಲಿ ಕಾಣುವುದು ಎಷ್ಟು ಮುಖ್ಯವೋ ಕಾಣಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಕಬ್ಬಿಣ ತುಂಬಿ, ಹಿಂದೆ ಒಂದು ಕೆಂಪು ಚೂರೂ ಇಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರು ಬೆಳಕು ಬಿಡದೆಯೇ ಅದೇ ಅಪರಾಧ ಮಾಡುತ್ತಿರುತ್ತದೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟವರದು ಇನ್ನೊಂದು ಬಗೆ. ನೆಲಮಂಗಲದಲ್ಲಿ ಹಾಕಿದ ಫಾಗ್ ಲ್ಯಾಂಪು ಬೆಳದಿಂಗಳಲ್ಲಿ ಹಾಸನ ದಾಟಿದರೂ ಉರಿಯುತ್ತಿರುತ್ತದೆ, ಏಕೆಂದರೆ ಉರಿದರೆ ಗಾಡಿಗೆ ಕಳೆ. ಆಲೂರು ದಾಟಿ ಬಾಳ್ಳುಪೇಟೆ ಹತ್ತಿರ ಒಂದೆಳೆ ಮಂಜು ಕಂಡದ್ದೇ ತಡ, ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುತ್ತಾರೆ. ಆಮೇಲೆ ಅವರು ಎಡಕ್ಕೆ ತಿರುಗುತ್ತಾರೋ ಬಲಕ್ಕೋ ದೇವರಿಗೇ ಗೊತ್ತು. ಕೆಲವು ಕಾರಿಗೆ ಹಿಂದೆಯೂ ಕೆಂಪು ಫಾಗ್ ಲ್ಯಾಂಪ್ ಇರುತ್ತದೆ. ಅದು ದಟ್ಟ ಮಂಜಿಗೆಂದೇ ಇರುವ ಉರಿಗೆಂಪು. ಮಂಜು ಕಳೆದ ಮೇಲೂ ಅದು ಉರಿಯುತ್ತಿದ್ದರೆ ಹಿಂದಿನವರ ಕಣ್ಣು ಉರಿಯುತ್ತದೆ. ಬ್ರೇಕ್ ಲೈಟು ಹೊತ್ತಿದ್ದೂ ತಿಳಿಯುವುದಿಲ್ಲ.

ಸಾವ್ಕಾರ್ರ ಕಡೆಯ ಆಕ್ಷೇಪದಲ್ಲಿ ಮಾತ್ರ ಅವರ ಜೊತೆ ನಿಲ್ಲಬೇಕು. “ರಸ್ತೆಗೆ ಒಂದು ಬಿಳಿ ಗೆರೆ ನೆಟ್ಟಗಿಲ್ಲ, ರಿಫ್ಲೆಕ್ಟರ್ ಇಲ್ಲ, ತಡೆಗೋಡೆ ಇಲ್ಲ, ಲೈಟು ಹಾಕ್ದೆ ಏನ್ಮಾಡ್ಲಿ?” ಇದು ಸರಿಯಾದ ಸಿಟ್ಟು. ಹಾಸನದಿಂದ ಮಾರನಹಳ್ಳಿವರೆಗಿನ ಚತುಷ್ಪಥದ ಕೆಲಸ ವರ್ಷಗಟ್ಟಲೆ ಎಳೆಯಿತು. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ರಸ್ತೆ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡವೇ ಜರಿಯಿತು. ಹೀಗೆ ಹಗಲಿಗೊಂದು, ರಾತ್ರಿಗೊಂದು ರೂಪ ತಾಳುವ ರಸ್ತೆಯಲ್ಲಿ ಅಂಚು ತಿಳಿಯದೆ ಬೆವರದವರಾರು? ಆದರೆ ಇದಕ್ಕೆ ಮದ್ದು ಜೀಪಿನ ನೆತ್ತಿಯ ಮೇಲಿಲ್ಲ, ರಸ್ತೆಯ ಮೈಮೇಲಿದೆ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ‘ಬೆಕ್ಕಿನ ಕಣ್ಣು’ ರಸ್ತೆಯ ನಡುವೆ ಹುದುಗಿಸುವ ಪುಟ್ಟ ಗಾಜಿನ ಗುಂಡು. ಬಿದ್ದ ಬೆಳಕನ್ನು ಅದು ಬಂದ ಕಡೆಗೇ ಮರಳಿಸುತ್ತದೆ. ಹಾಗಾಗಿ ಲೋ ಬೀಮಿನ ಸಾಧಾರಣ ಬೆಳಕೇ ಅದಕ್ಕೆ ಧಾರಾಳ. ತಿರುವಿನಲ್ಲಿ ಬೆಳಕು ಮರಳಿಸುವ ಸಾಲು ಗೂಟ, ಅಂಚಿಗೆ ಮಾಸದ ಬಿಳಿ ಗೆರೆ ಇದ್ದರೆ ಎರಡು ದೀಪದ ಮೇಷ್ಟ್ರೂ ಎಂಟು ದೀಪದ ಸಾವ್ಕಾರ್ರೂ ಒಂದೇ ಸಮ ನೋಡುತ್ತಾರೆ. ಬಾರಿಗೆ ಹಾಕಿದ ಹಟದ ಕಾಲು ಭಾಗವನ್ನು ಹೆದ್ದಾರಿಯವರ ಕಚೇರಿ ಮುಂದೆ ತೋರಿಸಿದ್ದರೆ ಈ ಗೆರೆ ಎಂದೋ ಬಿದ್ದಿರುತ್ತಿತ್ತು. ಹಟದಲ್ಲಿ ಅವರಿಗೆ ಸಮಾನರಿಲ್ಲ.

ಅವರಿಗೆ ಸಮಾನರಿಲ್ಲದ ವಿಷಯ ಇನ್ನೂ ಒಂದಿದೆ, ಅದನ್ನು ಹೇಳದಿದ್ದರೆ ಚಿತ್ರ ಅರ್ಧವಾದೀತು. ನಿಮ್ಮ ಕಾರು ವಣಗೂರು ಕಡೆಯ ಕೆಸರಿನಲ್ಲಿ ಹೂತರೆ ವಿಮೆಯವರ ಸಹಾಯವಾಣಿ ಹಾಡು ಕೇಳಿಸುತ್ತಿರುವಾಗಲೇ ಬಂದು ನಿಲ್ಲುವುದು ಇದೇ ಜೀಪು. ಹಗ್ಗ ಬಿಗಿದು, ಎಳೆದು, ನಿಮ್ಮ ಟೈರಿನ ಸ್ಥಿತಿಗೆ ಎರಡು ಮಾತು ಬೈದು, ಮನೆಗೆ ಕರೆದೊಯ್ದು ಕಡುಬು ತಿನ್ನಿಸಿ ಕಳಿಸುತ್ತಾರೆ. ನಡುರಾತ್ರಿ ಲೈನ್ ಮನೆಯ ಹೆಂಗಸಿಗೆ ಹೆರಿಗೆ ನೋವು ಶುರುವಾದರೆ, ಮರ ಬಿದ್ದ ದಾರಿಯಲ್ಲಿ ಗರಗಸ ಹಿಡಿದು ಇಳಿದು, ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಮುಟ್ಟಿಸುವವರೂ ಅವರೇ. ಆಗ ಆ ಎಂಟೂ ದೀಪ ಉರಿಯಲಿ, ಬಾರೂ ಉರಿಯಲಿ, ಯಾರು ಬೇಡವೆಂದಾರು? ಇಂಥ ಮನುಷ್ಯ ಎದುರು ಗಾಡಿಯವರ ಕಣ್ಣಿಗೆ ಮಾತ್ರ ಹೀಗೇಕೆ ಎರಗುತ್ತಾರೆ ಎನ್ನುವುದೇ ಸೋಜಿಗ. ಉತ್ತರ ದೋಣಿಗಾಲ್ ತಿರುವಿನ ಭಾವಂದಿರಲ್ಲಿದೆ. ಕಾಲುದಾರಿಯಲ್ಲಿ ಸೂಡಿ ಹಿಡಿದು, ಆಮೇಲೆ ಲಾಟೀನು, ಟಾರ್ಚ್ ಹಿಡಿದು ನಡೆದ ನಾಡು ಇದು. ಎದುರಿಗೆ ಯಾರಾದರೂ ಬಂದರೆ ಬೆಳಕನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೆ ಬಗ್ಗಿಸಿ, “ಯಾರದು?” ಎಂದು ಕೇಳುವುದು ರೂಢಿ. ಮುಖಕ್ಕೆ ಟಾರ್ಚ್ ಬಿಟ್ಟ ಹುಡುಗನಿಗೆ ಈಗಲೂ ತಲೆಗೆ ಮೊಟಕುತ್ತಾರೆ. ಮೊಟಕುವವರಲ್ಲಿ ಸಾವ್ಕಾರ್ರೇ ಮೊದಲಿಗರು. ಡಿಪ್ ಮಾಡುವ ಮರ್ಯಾದೆ ಹೊರಗಿನವರು ಬಂದು ಕಲಿಸಬೇಕಾದದ್ದಲ್ಲ, ಮನೆಯಲ್ಲೇ ಇತ್ತು. ಗಾಡಿಯೊಳಗೆ ಕೂತ ಮೇಲೆ ಎದುರಿನವರಿಗೆ ಮುಖ ಇಲ್ಲವಾಯಿತು, ಎರಡು ದೀಪ ಮಾತ್ರ ಉಳಿಯಿತು. ಮುಖ ಕಾಣದ ಕಡೆ “ಯಾರದು?” ಎಂಬ ಪ್ರಶ್ನೆಯೂ ಹೋಯಿತು. ಅಲ್ಲಿರುವುದು ಭಾವನೋ, ಮೀನಿನ ಲಾರಿಯ ಹುಡುಗನೋ, ನಿದ್ದೆಗೆಟ್ಟ ಬಸ್ ಡ್ರೈವರೋ ಎಂದು ತಿಳಿದ ಮೇಲೆ ಆರಿಸುವುದಲ್ಲ. ಯಾರೇ ಆಗಿರಲಿ ಎಂದು ಮೊದಲೇ ಆರಿಸುವುದು.

ಕೇಳುತ್ತಿರುವುದು ಹೆಚ್ಚೇನಲ್ಲ, ಸಾವ್ಕಾರ್ರೇ. ಎದುರು ಗಾಡಿ ಕಂಡರೆ ಡಿಪ್ ಮಾಡಿ. ಡಿಪ್ಪಿಗೆ ಬಗ್ಗದ ಆರನ್ನೂ ಬಾರನ್ನೂ ಆರಿಸಿ. ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೇ ಇಟ್ಟು ನೆಲಕ್ಕೆ ಬಗ್ಗಿಸಿ, ಮಂಜಿದ್ದಾಗ ಮಾತ್ರ ಹಾಕಿ. ಹಿಂದಿನ ಕೆಂಪು ದೀಪಕ್ಕೊಂದು ಬಲ್ಬು ತನ್ನಿ. ಎಂಟು ದೀಪಕ್ಕೆ ದುಡ್ಡು ಕೊಟ್ಟಾಗ ಸ್ವಿಚ್ಚುಗಳಿಗೂ ಕೊಟ್ಟಿದ್ದೀರಿ. ಅವು ಹಾಕುವುದಕ್ಕೆ ಎಷ್ಟು ಬರುತ್ತವೋ ಆರಿಸುವುದಕ್ಕೂ ಅಷ್ಟೇ ಬರುತ್ತವೆ.